ಮಾನ

ನಮ್ಮ ಬೈಲಹೊಂಗಲದ ಕಡೆಯ ಆಡುಮಾತಿನಲ್ಲಿ ಮೈಯ ಯಾವ ಭಾಗಕ್ಕೂ ಹೆಸರಿನ ಬಡತನವಿಲ್ಲ. ನೆತ್ತಿ, ಗದ್ದ, ರಟ್ಟೆ, ಬಗಲು, ಟೊಂಕ, ಮೀನಗಂಡ, ಹಿಮ್ಮಡ ಎಂದು ಕೂಸಿಗೆ ಎರೆಯುವ ಅಜ್ಜಿ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತ, ಎಣ್ಣೆ ತಿಕ್ಕುತ್ತ ಹೋಗುತ್ತಾಳೆ. ಕಿರುಬೆರಳಿನ ಉಗುರಿಗೂ ಅವಳಲ್ಲಿ ಒಂದು ಮುದ್ದಿನ ಮಾತುಂಟು. ಆದರೆ ಕೂಸು ಹೆಣ್ಣಾಗಿದ್ದರೆ, ನೆತ್ತಿಯಿಂದ ಹೊರಟ ಆ ಮಾತು ಹೊಕ್ಕುಳ ದಾಟಿದ ಕೂಡಲೆ ನಿಲ್ಲುತ್ತದೆ. ತೊಡೆಯ ಹತ್ತಿರ ಮತ್ತೆ ಶುರುವಾಗುತ್ತದೆ. ನಡುವಿನ ಜಾಗಕ್ಕೆ ನೀರು ಬೀಳುತ್ತದೆ, ಹೆಸರು ಬೀಳುವುದಿಲ್ಲ. ಗಂಡುಕೂಸಿನದಕ್ಕಾದರೆ ಮನೆಮಂದಿಯೆಲ್ಲ ಸೇರಿ ಹತ್ತು ಹೆಸರಿಟ್ಟು ನಗುತ್ತಾರೆ.

ಹೆಸರೇ ಇಲ್ಲವೆಂದಲ್ಲ. ಅಚ್ಚಕನ್ನಡದ ಹೆಸರೊಂದು ಇದೆ. ಅದು ಬಸ್ ಸ್ಟ್ಯಾಂಡಿನಲ್ಲಿ, ಸೆರೆ ಅಂಗಡಿಯ ಮುಂದೆ, ಗಂಡಸರ ಜಗಳದಲ್ಲಿ ಬೈಗುಳವಾಗಿ ಮಾತ್ರ ಬದುಕಿದೆ. ಸಂಸ್ಕೃತದ ‘ಯೋನಿ’ ಡಾಕ್ಟರರಿಗೂ ಪುರಾಣಿಕರಿಗೂ ಮೀಸಲು. ಪುರಾಣ ಕೇಳುವಾಗ ಎಂಬತ್ನಾಲ್ಕು ಲಕ್ಷ ಯೋನಿಗಳೆಂಬ ಮಾತಿಗೆ ಯಾರೂ ತಲೆ ತಗ್ಗಿಸುವುದಿಲ್ಲ, ತಮ್ಮದೊಂದರ ಮಾತು ಬಂದರೆ ಮಾತ್ರ ತಗ್ಗಿಸುತ್ತಾರೆ. ಹೆಂಗಸರ ಬಾಯಿಗೆ ಉಳಿದದ್ದು ‘ಕೆಳಗ’, ‘ಅಲ್ಲೆ’, ‘ಒಳಗಿನ ಜಾಗಾ’, ಮತ್ತೆ ‘ಮಾನ’. ಈ ಕೊನೆಯ ಮಾತು ನನಗೆ ಬಹಳ ವಿಚಿತ್ರವಾಗಿ ಕಾಣುತ್ತದೆ. ಮಾನ ಅಂದರೆ ಮರ್ಯಾದೆ. ಮಾನ ಮುಚ್ಚಿಕೋ ಅಂದರೆ ಆ ಜಾಗವನ್ನು ಮುಚ್ಚಿಕೋ. ಇನ್ನು ಮಾನದಂಡ, ಉಷ್ಣಮಾನ ಎನ್ನುವಾಗ ಅದೇ ಮಾನ ಅಂದರೆ ಅಳತೆ. ಮೂರು ಅರ್ಥಗಳನ್ನು ಒಂದೇ ಮಾತಿಗೆ ಕಟ್ಟಿದವರು ಯಾರೋ! ಈಗಿನ ಹುಡುಗಿಯರ ಸಂಕಟ ನೋಡಿದರೆ, ಆ ಮೂರೂ ಒಂದಕ್ಕೊಂದು ಗಂಟುಬಿದ್ದಿರುವುದು ಬರೀ ನಿಘಂಟಿನಲ್ಲಿ ಅಲ್ಲ ಎನ್ನಿಸುತ್ತದೆ.

ನಮ್ಮವರೊಬ್ಬರನ್ನೇ ಬೈಯಬೇಕಾಗಿಲ್ಲ. ಯುರೋಪಿನ ವೈದ್ಯರು ಹೆಣ್ಣಿನ ಈ ಹೊರಗಿನ ಅಂಗಗಳಿಗೆಲ್ಲ ಸೇರಿಸಿ ಲ್ಯಾಟಿನ್ನಿನಲ್ಲಿ ಇಟ್ಟುಕೊಂಡಿದ್ದ ಹೆಸರು ‘ಪ್ಯುಡೆಂಡಮ್’. ಅದರ ಅರ್ಥ, ನಾಚಿಕೆಪಡಬೇಕಾದದ್ದು ಎಂದು. ಜಗತ್ತಿನ ಶರೀರಶಾಸ್ತ್ರಜ್ಞರು ಒಪ್ಪಿಕೊಳ್ಳುವ ಹೆಸರುಗಳ ಪಟ್ಟಿಯಿಂದ ಆ ಮಾತನ್ನು ತೆಗೆದು ‘ವಲ್ವ’ ಎಂಬುದನ್ನು ಉಳಿಸಿಕೊಂಡದ್ದು 2019ರಲ್ಲಿ. ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಐವತ್ತು ವರ್ಷವಾದ ಮೇಲೆ.

ಹೆಸರಿಲ್ಲದ್ದರ ಬಗ್ಗೆ ಮಾತಿಲ್ಲ. ಮಾತಿಲ್ಲದ್ದರ ಬಗ್ಗೆ ತಿಳಿವಳಿಕೆಯಿಲ್ಲ. ಮೂಗಿನ ಬಗ್ಗೆ ಹಾಗಲ್ಲ ನೋಡಿ. ಗಿಣಿಮೂಗು, ಚಪ್ಪಟೆ ಮೂಗು, ಗಿಡ್ಡ ಮೂಗು ಎಂದು ನಾವು ದಿನಾ ನೋಡಿ, ಆಡಿಕೊಂಡು, ಮೂಗೆಂದರೆ ನೂರು ತರಹ ಇರುತ್ತದೆಂದು ಐದು ವರ್ಷದವಳಿದ್ದಾಗಲೇ ಕಲಿತುಬಿಟ್ಟಿರುತ್ತೇವೆ. ಈ ಅಂಗದ ವಿಷಯದಲ್ಲಿ ಪ್ರತಿಯೊಬ್ಬ ಹೆಣ್ಣಿಗೂ ಗೊತ್ತಿರುವುದು ಒಂದೇ ಒಂದು, ತನ್ನದು. ಅದೂ ಅರ್ಧಮರ್ಧ, ಬಗ್ಗಿ ನೋಡಿದರೆ ಕಂಡಷ್ಟು. ಒಂದನ್ನೇ ಕಂಡವಳಿಗೆ ಅದು ಸರಿಯೋ ತಪ್ಪೋ ಹೇಗೆ ತಿಳಿಯಬೇಕು? ಹಿಂದೆ ಈ ಪ್ರಶ್ನೆ ಏಳುತ್ತಿರಲಿಲ್ಲ, ಹೋಲಿಸಲು ಇನ್ನೊಂದು ಇರಲಿಲ್ಲವಲ್ಲ. ಈಗ ಏಳುತ್ತದೆ.

ರಾಮದುರ್ಗದ ಕಡೆಯ ನಮ್ಮ ಬಳಗದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದದ್ದು ಈ ಪ್ರಶ್ನೆ ಹಿಡಿದುಕೊಂಡೇ. ಓದಿದ ಹುಡುಗಿ. ನಿಶ್ಚಯವಾಗಿತ್ತು, ಮದುವೆಗೆ ನಾಲ್ಕು ತಿಂಗಳಿತ್ತು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, “ಚಿಗವ್ವಾ, ಒಂದಿಷ್ಟು ರೊಕ್ಕಾ ಬೇಕಾಗಿತ್ತು, ಅವ್ವಗ ಹೇಳಬ್ಯಾಡ” ಅಂದಳು. ಯಾಕೆಂದು ಕೇಳಿದರೆ ಅಳು. ಬಹಳ ಹೊತ್ತಿನ ಮೇಲೆ ಹೊರಬಿದ್ದದ್ದಿಷ್ಟು: ತನಗೆ ‘ಅಲ್ಲೆ’ ಏನೋ ದೋಷವಿದೆ, ಒಳಗಿರಬೇಕಾದದ್ದು ಹೊರಗೆ ಬಂದಿದೆ, ಎರಡು ಕಡೆ ಒಂದೇ ಸಮ ಇಲ್ಲ, ಬಣ್ಣ ಕಪ್ಪು. ಹಾಸ್ಟೆಲಿನಲ್ಲಿದ್ದಾಗ ಗೆಳತಿಯೊಬ್ಬಳ ಫೋನಿನಲ್ಲಿ ನೋಡಬಾರದ್ದನ್ನು ನೋಡಿದ್ದಾಳೆ, ಅಲ್ಲಿಯವರದು ಹೀಗಿಲ್ಲ. ದೊಡ್ಡ ಊರಿನ ಆಸ್ಪತ್ರೆಯೊಂದು ಕತ್ತರಿಸಿ ‘ಸರಿ’ ಮಾಡಿಕೊಡುತ್ತದೆಂದು ಅದೇ ಫೋನಿನಲ್ಲಿ ಜಾಹೀರಾತು ಬಂದಿದೆ. ಮದುವೆಗೆ ಮೊದಲು ಮುಗಿಸಿಬಿಟ್ಟರೆ ಗಂಡನಾಗುವವನು ಏನೂ ಅನ್ನಲಿಕ್ಕಿಲ್ಲ.

ನೋವಿದೆಯೇ ಎಂದು ಕೇಳಿದೆ. ಇಲ್ಲ. ತುರಿಕೆ, ಗಾಯ, ವಾಸನೆ? ಇಲ್ಲ. ತಿಂಗಳ ಮುಟ್ಟು ಸರಿಯಾಗಿ ಆಗುತ್ತದೆ. ಏನೇನೂ ತೊಂದರೆಯಿಲ್ಲದ ಗಟ್ಟಿಮುಟ್ಟಾದ ಮೈಯೊಂದು ತನ್ನನ್ನು ತಾನೇ ರೋಗಿಯೆಂದು ತೀರ್ಮಾನಿಸಿ, ಸಾಲ ಮಾಡಿ ಕತ್ತರಿಯ ಕೆಳಗೆ ಹೋಗಲು ಹೊರಟಿತ್ತು.

ಆಗ ನನಗೆ ನೆನಪಾದವಳು ಸವದತ್ತಿ ಹತ್ತಿರದ ಒಂದು ಹಳ್ಳಿಯ ಸೂಲಗಿತ್ತಿ. ಈಗ ಆಕೆ ಇಲ್ಲ. ಬಾಣಂತನಕ್ಕೆ ಬಂದಾಗ ಕೂಸಿಗೆ ಎರೆದು, ಬಿಸಿನೀರಿನ ಒಲೆಯ ಮುಂದೆ ಕೂತು ಎಲೆ ಹಾಕಿಕೊಳ್ಳುತ್ತ ಆಕೆ ಆಡುತ್ತಿದ್ದ ಮಾತುಗಳನ್ನು ಮನೆಯ ಹಿರಿಯರು ‘ಹುಡುಗೋರ ಮುಂದ ಏನ ಮಾತಾಡ್ತಿ’ ಎಂದು ತಡೆಯುತ್ತಿದ್ದರು. ತಡೆಯುವ ಮೊದಲೇ ಕಿವಿಗೆ ಬಿದ್ದ ಒಂದು ಮಾತು ಹೀಗಿತ್ತು: “ಯವ್ವಾ, ಎಷ್ಟ ಹೆಣ್ಮಕ್ಕಳದು ಹೆರಿಗಿ ಮಾಡಸೇನಿ, ಲೆಕ್ಕಾ ಇಟ್ಟಿಲ್ಲ. ಒಬ್ಬಾಕಿ ಮಾರಿ ಇದ್ದಂಗ ಇನ್ನೊಬ್ಬಾಕಿ ಮಾರಿ ಇರತೈತೇನ? ಇದೂ ಹಂಗ. ಒಬ್ಬಾಕಿದು ಮೊಗ್ಗಿದ್ದಂಗ ಮುಚ್ಚಿರತೈತಿ, ಒಬ್ಬಾಕಿದು ಹೊರಗ ಇಳಿಬಿದ್ದಿರತೈತಿ, ಒಬ್ಬಾಕಿದು ಒಂದ ಕಡೆ ಉದ್ದ ಒಂದ ಕಡೆ ಗಿಡ್ಡ. ಕೂಸು ಬರೂ ಹಾದಿಗೆ ಅದರದೇನೂ ತಕರಾರಿಲ್ಲ.”

ಊರಿನ ಹೆಂಗಸರೆಲ್ಲರ ಗುಟ್ಟು ಆಕೆಯ ಕಣ್ಣಿನಲ್ಲಿತ್ತು. ಯಾವ ಗುಟ್ಟೂ ಯಾರ ಹೆಸರಿನ ಜೊತೆಗೂ ಹೊರಗೆ ಬರಲಿಲ್ಲ. ಆದರೆ ಎಲ್ಲ ಸೇರಿ ಒಂದು ಜ್ಞಾನವಾಗಿ ಆಕೆಯಲ್ಲಿ ನಿಂತಿತ್ತು. ಈಗ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದವು. ಹೋದದ್ದು ಒಳ್ಳೆಯದೇ ಆಯಿತು, ತಾಯಿ-ಕೂಸುಗಳ ಜೀವ ಉಳಿಯಿತು. ಆದರೆ ಬಿಸಿನೀರಿನ ಒಲೆಯ ಮುಂದಿನ ಆ ಮಾತು ಆಸ್ಪತ್ರೆಗೆ ಹೋಗಲಿಲ್ಲ. ಐದು ನಿಮಿಷದಲ್ಲಿ ಮುಂದಿನವರನ್ನು ಕರೆಯುವ ಡಾಕ್ಟರರಿಗೆ ಅದನ್ನು ಹೇಳಲು ಪುರುಸೊತ್ತಿಲ್ಲ, ಹೇಳೆಂದು ಕೇಳುವ ಧೈರ್ಯ ನಮಗಿಲ್ಲ.

ಸೂಲಗಿತ್ತಿ ಹೇಳಿದ್ದನ್ನೇ ವಿಜ್ಞಾನಿಗಳು ಪಟ್ಟಿ ಹಿಡಿದು ಅಳೆದು ಹೇಳಲು ಬಹಳ ಕಾಲ ಹಿಡಿಯಿತು. ಗಂಡಸಿನ ಅಂಗದ ಅಳತೆಗಳು ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಮೊದಲಿನಿಂದ ಇದ್ದವು. ಹೆಣ್ಣಿನದಕ್ಕೆ ಒಂದು ಗೆರೆಚಿತ್ರ ಬರೆದು ಬಿಟ್ಟಿದ್ದರು. 2005ರಲ್ಲಿ ಲಂಡನ್ನಿನ ವೈದ್ಯರು ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಬಂದ 50 ಜನ ಹೆಂಗಸರ ಒಪ್ಪಿಗೆ ಪಡೆದು ಅಳೆದರು. ಈ ಅಂಗಕ್ಕೆ ಹೊರಗೆ ಎರಡು ದಪ್ಪ ತುಟಿಗಳು, ಅವುಗಳ ಒಳಗೆ ಎರಡು ತೆಳು ತುಟಿಗಳು ಇರುತ್ತವೆ. ಆ 50 ಜನರಲ್ಲಿ ಒಳತುಟಿಯ ಉದ್ದ ಕೆಲವರಲ್ಲಿ 2 ಸೆಂಟಿಮೀಟರು, ಕೆಲವರಲ್ಲಿ 10 ಸೆಂಟಿಮೀಟರು; ಅಗಲ 7 ಮಿಲಿಮೀಟರಿನಿಂದ ಹಿಡಿದು 50 ಮಿಲಿಮೀಟರಿನವರೆಗೆ. ಆಮೇಲೆ ಸ್ವಿಟ್ಜರ್ಲೆಂಡಿನ ಲುಸರ್ನ್ ಊರಿನಲ್ಲಿ 15ರಿಂದ 84 ವಯಸ್ಸಿನವರೆಗಿನ 657 ಜನರನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಅದೇ ಕತೆ. ಒಳತುಟಿಯ ಉದ್ದ ಅರ್ಧ ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ, ಅಗಲ 1 ಮಿಲಿಮೀಟರಿನಿಂದ 61 ಮಿಲಿಮೀಟರಿನವರೆಗೆ. ಇಷ್ಟು ಅಂತರವಿರುವಲ್ಲಿ ಇದೇ ಸರಿಯಾದದ್ದು ಎಂದು ಒಂದನ್ನು ಬೊಟ್ಟುಮಾಡಿ ತೋರಿಸಲು ಅವರಿಗೆ ಆಗಲಿಲ್ಲ. ಎಲ್ಲವೂ ಸರಿಯಾದದ್ದೇ.

ಒಳತುಟಿ ಹೊರತುಟಿಯನ್ನು ಮೀರಿ ಕಾಣುವುದು ಎಷ್ಟೋ ಹೆಂಗಸರಲ್ಲಿ ಹುಟ್ಟುಗುಣ. ಎಡ-ಬಲ ಒಂದೇ ಸಮ ಇಲ್ಲದಿರುವುದು ಮಾಮೂಲು. ನಮ್ಮ ಎರಡು ಕಾಲಿಗೆ ಒಂದೇ ಅಳತೆಯ ಚಪ್ಪಲಿ ಸರಿಯಾಗಿ ಕೂತದ್ದುಂಟೇ? ಅಂಚು ಕೆಲವರಲ್ಲಿ ನುಣುಪು, ಕೆಲವರಲ್ಲಿ ಸೀರೆಯ ನಿರಿಗೆಯ ಹಾಗೆ ಸುಕ್ಕು. ಬಣ್ಣವಂತೂ ಮೈಬಣ್ಣಕ್ಕಿಂತ ಗಾಢವಾಗಿರುವುದು ಸಹಜ. ಹರೆಯ ಬಂದಾಗ ಗಾಢವಾಗುತ್ತದೆ, ಬಸಿರಿನಲ್ಲಿ ಇನ್ನಷ್ಟು ಆಗುತ್ತದೆ. ಮೊಲೆಯ ತೊಟ್ಟಿನ ಸುತ್ತಲಿನ ಬಣ್ಣ ಬದಲಾಗುವುದಿಲ್ಲವೇ, ಹಾಗೆ. ಮುಟ್ಟು ನಿಂತ ಮೇಲೆ ತುಟಿಗಳು ತೆಳುವಾಗಿ ಸಣ್ಣದಾಗುತ್ತವೆ. ಒಬ್ಬಳದೇ ಅಂಗ ಅವಳ ಹದಿನೈದಕ್ಕೆ, ಮೂವತ್ತಕ್ಕೆ, ಅರವತ್ತಕ್ಕೆ ಒಂದೊಂದು ತರಹ ಇರುತ್ತದೆಂದ ಮೇಲೆ ಊರ ಹೆಂಗಸರದೆಲ್ಲ ಒಂದೇ ತರಹ ಇರಬೇಕೆನ್ನುವುದು ಎಂಥ ಮಾತು!

ಇನ್ನು ಮೇಲುಗಡೆ ಒಳತುಟಿಗಳು ಕೂಡುವಲ್ಲಿರುವ ಚಂದ್ರನಾಡಿ. ಕನ್ನಡದಲ್ಲಿ ಇಷ್ಟು ಚಂದದ ಹೆಸರು ಇದ್ದೂ ನೂರಕ್ಕೆ ತೊಂಬತ್ತು ಜನ ಅದನ್ನು ಕೇಳಿರಲಿಕ್ಕಿಲ್ಲ. ಹೊರಗೆ ಕಾಣುವುದು ಅದರ ತುದಿ ಮಾತ್ರ, ಅದೂ ಒಬ್ಬೊಬ್ಬರಲ್ಲಿ ಒಂದೊಂದು ಗಾತ್ರ. ಉಳಿದ ಬಹುಭಾಗ ಒಳಗೆ ಕವಲೊಡೆದು ಹರಡಿರುತ್ತದೆಂದು ಆಸ್ಟ್ರೇಲಿಯಾದ ಹೆಲೆನ್ ಓಕಾನೆಲ್ ಎಂಬ ವೈದ್ಯೆ 1998ರಲ್ಲಿ ತೋರಿಸಿದ ಮೇಲೆ ಹಳೆಯ ಪುಸ್ತಕಗಳ ಚಿತ್ರಗಳು ಎಷ್ಟು ಅರೆಕೊರೆಯಾಗಿದ್ದವೆಂದು ಗೊತ್ತಾಯಿತು. ಹೆಣ್ಣಿನ ಸುಖಕ್ಕೆ ಸಂಬಂಧಿಸಿದ ಅಂಗದ ಚಿತ್ರವೇ ಸರಿ ಇರಲಿಲ್ಲ ಎಂಬುದರಲ್ಲಿ ನಮಗೆ ಆಶ್ಚರ್ಯವೇನಿಲ್ಲ ಬಿಡಿ.

ಬೈಲಹೊಂಗಲದ ಬಜಾರಿನಲ್ಲಿ ಕುಬಸ ಹೊಲಿಯುವವನ ಹತ್ತಿರ ಹೋಗಿ ನಿಂತರೆ ಗೊತ್ತಾಗುತ್ತದೆ. ಗುಳೇದಗುಡ್ಡದ ಕಣ ಒಂದೇ. ಹೊಲಿದ ಮೇಲೆ ಒಬ್ಬರ ಕುಬಸ ಇನ್ನೊಬ್ಬರಿಗೆ ಬರುವುದಿಲ್ಲ. ಟೇಪು ತಂದವನು ನಮ್ಮ ಮೈಗೆ ತಕ್ಕಂತೆ ಬಟ್ಟೆ ಕತ್ತರಿಸುತ್ತಾನೆಯೇ ಹೊರತು ಟೇಪಿಗೆ ತಕ್ಕಂತೆ ಮೈ ಕತ್ತರಿಸಿಕೊಂಡು ಬಾ ಅನ್ನುವುದಿಲ್ಲ. ಫೋನಿನಲ್ಲಿ ಬರುವ ಅಳತೆ ಹಾಗನ್ನುತ್ತದೆ. ಆ ಚಿತ್ರಗಳಿಗೆ ಆರಿಸಿ ತಂದವರು ಒಂದೇ ತರಹದವರು. ಅವರನ್ನೂ ಬೋಳಿಸಿ, ಬಣ್ಣ ಬಳಿದು, ಬೆಳಕು ಬಿಟ್ಟು ತಯಾರು ಮಾಡಿರುತ್ತಾರೆ. ಕೆಲವರದು ಕತ್ತರಿ ಆಡಿಸಿದ್ದೇ ಇರಬಹುದು. ಅದು ಬೆಳಗಾವಿಯ ಹುಡುಗಿಗೆ ಅಳತೆಗೋಲಾಗುತ್ತದೆ. ಬಣ್ಣದ ವಿಷಯದಲ್ಲಂತೂ ವ್ಯಾಪಾರಿಗಳು ನಾಚಿಕೆ ಬಿಟ್ಟು ಬಹಳ ಕಾಲವಾಯಿತು. ಮುಖ ಬೆಳ್ಳಗೆ ಮಾಡುವ ಕ್ರೀಮು ಮಾರಿ ಸಾಲದೆ 2012ರಲ್ಲಿ ನಮ್ಮ ದೇಶದ ಟಿವಿಯಲ್ಲೇ ಈ ಜಾಗವನ್ನು ಬೆಳ್ಳಗೆ ಮಾಡುವ ತೊಳೆಯುವ ದ್ರವದ ಜಾಹೀರಾತು ಬಂದು, ಹೆಂಗಸರು ಬೈದು ಗದ್ದಲವಾಗಿತ್ತು. ಯೋನಿಯ ಒಳಗನ್ನು ಮೈ ತಾನೇ ಸ್ವಚ್ಛ ಇಟ್ಟುಕೊಳ್ಳುತ್ತದೆ, ಹೊರಗಿಗೆ ಬರೀ ನೀರು ಸಾಕು ಎಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಬರೀ ನೀರನ್ನು ಸೀಸೆಯಲ್ಲಿ ತುಂಬಿ ಮಾರಿದರೆ ಯಾರು ಕೊಳ್ಳುತ್ತಾರೆ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಇಂಥದನ್ನೆಲ್ಲ ಬಾಯಿಬಿಟ್ಟು ಆಡಿದರೆ ಲಜ್ಜೆ ಎಂಬುದೊಂದು ಉಳಿಯುತ್ತದೆಯೇ? ಹೆಣ್ಣಿಗೆ ಅದೇ ಅಲ್ಲವೇ ಭೂಷಣ? ಈ ಪ್ರಶ್ನೆಯನ್ನು ತಿರಸ್ಕಾರದಿಂದ ತಳ್ಳಿಹಾಕುವವರು ಇದ್ದಾರೆ. ನನಗೆ ಅದು ಹಾಗೆ ತಳ್ಳುವ ಪ್ರಶ್ನೆಯೆಂದು ಅನ್ನಿಸುವುದಿಲ್ಲ. ನನಗೂ ಲಜ್ಜೆ ಬೇಕು. ನನ್ನ ಮೈಯನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬಾರದು ಎಂದು ನಿರ್ಧರಿಸುವವಳು ನಾನೇ ಎಂಬುದು ಲಜ್ಜೆಯ ಒಳ್ಳೆಯ ಅರ್ಥ. ಆದರೆ ಮುಚ್ಚಿದ್ದರಲ್ಲಿ ಏನೋ ಐಬು ಇದೆ, ಅದಕ್ಕೇ ಮುಚ್ಚಿದ್ದು ಎನ್ನುವುದು ಬೇರೆ. ಅದು ಲಜ್ಜೆಯಲ್ಲ, ಕೀಳರಿಮೆ. ಹಸಿವೆಗೂ ಹೊಟ್ಟೆನೋವಿಗೂ ಇರುವಷ್ಟೇ ಅಂತರ ಇವೆರಡಕ್ಕೆ. ಎರಡೂ ಹೊಟ್ಟೆಯಲ್ಲೇ ಆಗುವುದರಿಂದ ಕೂಸು ಎರಡಕ್ಕೂ ಒಂದೇ ತರಹ ಅಳುತ್ತದೆ.

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದ ಪ್ರಸಂಗ ನಮಗೆಲ್ಲ ಗೊತ್ತಿದ್ದದ್ದೇ. ಉಟ್ಟ ಸೀರೆಯನ್ನು ಬಿಟ್ಟು ಬಂದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮ ಅವಳನ್ನು ತುಂಬಿದ ಸಭೆಯಲ್ಲಿ ಕೇಳುತ್ತಾನೆ. ನೋಡಿದ ನಿಮಗೆ ನೋವಾಗದಿರಲೆಂದು ಮುಚ್ಚಿದೆ ಎಂಬ ಅರ್ಥದ ಉತ್ತರ ಕೊಡುತ್ತಾಳೆ ಅಕ್ಕ. ನಾನು ಈ ಉತ್ತರವನ್ನು ಎಷ್ಟು ಸಲ ಓದಿದರೂ ಬೆರಗಾಗುತ್ತೇನೆ. ಮುಚ್ಚಿಕೊಂಡದ್ದು ನನ್ನಲ್ಲಿ ಕೊರತೆಯಿದೆಯೆಂದಲ್ಲ. ಕೊರತೆ ನೋಡುವ ಕಣ್ಣಿನಲ್ಲಿದೆ, ಅದಕ್ಕೆ ನನ್ನದೊಂದು ದಯೆ. ಮುಚ್ಚುವುದಕ್ಕೆ ಇಂಥ ಕಾರಣವೂ ಇರಬಹುದೆಂದು ಹನ್ನೆರಡನೆಯ ಶತಮಾನದ ಹೆಣ್ಣೊಬ್ಬಳಿಗೆ ಹೊಳೆದಿತ್ತು.

ಅಕ್ಕನಷ್ಟು ದೂರ ಹೋಗುವುದು ಬೇಡವೆಂದರೆ ನಮ್ಮ ಮಲಪ್ರಭೆಯ ದಂಡೆಗುಂಟ ಹೋದರೂ ಆಯಿತು. ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪವನ್ನು ಸುತ್ತುವರಿದು, ಬೈಲಹೊಂಗಲದ ಹೊಲಗಳನ್ನು ದಾಟಿ, ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟೆಗೆ ಸಿಕ್ಕು, ರಾಮದುರ್ಗವನ್ನು ಹಾಯ್ದು ಬಾದಾಮಿ ಸೀಮೆಗೆ ಇಳಿಯುತ್ತದೆ. ಸವದತ್ತಿಯ ಗುಡ್ಡದ ಮೇಲೆ ಎಲ್ಲಮ್ಮ ಇದ್ದಾಳೆ. ಗಂಡನ ಸಂಶಯಕ್ಕೆ, ಮಗನ ಕೊಡಲಿಗೆ ತಲೆ ಕೊಟ್ಟ ರೇಣುಕೆ. ಅದೇ ಹೊಳೆಯ ಕೆಳಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಆಸುಪಾಸಿನಲ್ಲಿ ಚಾಲುಕ್ಯರ ಕಾಲದ ಇನ್ನೊಬ್ಬಳಿದ್ದಾಳೆ. ಅವಳಿಗೆ ತಲೆಯಿಲ್ಲ, ತಲೆಯ ಜಾಗದಲ್ಲಿ ತಾವರೆ ಅರಳಿದೆ. ಹೆರಿಗೆಗೆ ಕೂತವಳ ಹಾಗೆ ಎರಡೂ ಕಾಲು ಅಗಲಿಸಿ, ಯಾವುದನ್ನು ನಾವು ಹೆಸರಿಸಲಾರೆವೋ ಅದನ್ನು ಎಲ್ಲರ ಮುಂದೆ ತೆರೆದು ಕೂತಿದ್ದಾಳೆ. ನಾಗನಾಥಕೊಳ್ಳದಲ್ಲಿ ಸಿಕ್ಕ ಮೂರ್ತಿ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದೆ. ಐಹೊಳೆ-ಪಟ್ಟದಕಲ್ಲುಗಳ ನಡುವಿನ ಸಿದ್ದನಕೊಳ್ಳದಲ್ಲಿರುವವಳಿಗೆ ಇವತ್ತಿಗೂ ಮಕ್ಕಳ ಫಲ ಬೇಡುವ ಹೆಂಗಸರು ಪೂಜೆ ಮಾಡುತ್ತಾರೆ. ಎಲ್ಲಮ್ಮ ಮತ್ತು ಈ ದೇವಿ ಇಬ್ಬರೂ ಒಬ್ಬಳೇ ಭೂತಾಯಿಯ ರೂಪಗಳೆಂದು ಮರಾಠಿಯ ಸಂಶೋಧಕ ರಾ.ಚಿಂ. ಢೇರೆ 1978ರಲ್ಲಿ ಪುಸ್ತಕವನ್ನೇ ಬರೆದರು.

ಅವಳ ಹೆಸರು ಲಜ್ಜಾಗೌರಿ. ಕಡೆದ ಕಾಲದಲ್ಲಿ ಅವಳನ್ನು ಹಾಗೆ ಕರೆಯುತ್ತಿರಲಿಲ್ಲ, ಇದು ಆಮೇಲೆ ಬಂದ ಹೆಸರು ಎನ್ನುತ್ತಾರೆ ತಿಳಿದವರು. ಯಾರಿಗೆ ಲಜ್ಜೆ ಬಂತೋ ಅವರು ಇಟ್ಟ ಹೆಸರಿರಬೇಕು. ಮೂರ್ತಿಯ ಮೈಯಲ್ಲಿ ಲಜ್ಜೆಯ ಒಂದು ಗೆರೆಯೂ ಇಲ್ಲ. ಫೋನಿನ ಚಿತ್ರಗಳಲ್ಲಿಯೂ ಎಷ್ಟೋ ಸಲ ಹೆಣ್ಣಿಗೆ ಮುಖ ಇರುವುದಿಲ್ಲ ಎಂದು ಕೇಳಿದ್ದೇನೆ. ಎರಡೂ ಮುಖವಿಲ್ಲದ ಮೈಗಳೇ. ಒಂದರಲ್ಲಿ ಮುಖವನ್ನು ಕತ್ತರಿಸಿ ಉಳಿದದ್ದನ್ನು ಮಾರಿಕೊಂಡರು. ಇನ್ನೊಂದರಲ್ಲಿ ಇದು ಇಂಥವಳದೆಂದು ಅನ್ನಿಸದಿರಲಿ, ಎಲ್ಲರದೂ ಆಗಿರಲಿ ಎಂದು ತಾವರೆ ಇಟ್ಟರು. ಹೀಗೆ ಓದಿಕೊಳ್ಳುವುದು ನನ್ನ ಸ್ವಾತಂತ್ರ್ಯ. ಅವಳ ಮುಂದೆ ಸೆರಗೊಡ್ಡಿ ನಿಂತ ಹೆಂಗಸು ಮಾತ್ರ ಅದು ಉದ್ದವೋ ಗಿಡ್ಡವೋ ಎಂದು ಅಳೆಯಲು ಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಕಠಿಣವಾಗಿಯೇ ಉಳಿಯುತ್ತದೆ. ಮೈ ಅವಳದು, ರೊಕ್ಕ ಅವಳದು. ಕತ್ತರಿಸಿಕೊಳ್ಳುತ್ತೇನೆ ಅಂದರೆ ಬೇಡ ಅನ್ನಲು ನಾವು ಯಾರು? ಮೂಗು ಚುಚ್ಚಿಸಿಕೊಳ್ಳುವುದಿಲ್ಲವೇ, ಹಲ್ಲಿಗೆ ತಂತಿ ಕಟ್ಟಿಸಿಕೊಳ್ಳುವುದಿಲ್ಲವೇ? ಒಳತುಟಿ ದೊಡ್ಡದಾಗಿ ಸೈಕಲ್ ತುಳಿಯುವಾಗ ಉಜ್ಜಿ ಗಾಯವಾಗುವ, ಕೂಡುವಾಗ ನೋಯುವ ಹೆಂಗಸರೂ ಇದ್ದಾರೆ. ಅಂಥವಳು ಡಾಕ್ಟರರನ್ನು ಕಂಡು, ತಿಳಿದು, ಶಸ್ತ್ರಚಿಕಿತ್ಸೆಗೆ ಒಪ್ಪಿದರೆ ಅದು ಅವಳ ನೋವಿಗೆ ಮದ್ದು; ನಾನು ಒಂದಕ್ಷರ ಆಡುವುದಿಲ್ಲ. ಆದರೆ ನೋವೇ ಇಲ್ಲದವಳ ಮಾತು ಬೇರೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2020ರಲ್ಲಿ, ಚಂದಕ್ಕಾಗಿ ಮಾಡಿಸಿಕೊಳ್ಳುವ ಇಂಥ ಶಸ್ತ್ರಚಿಕಿತ್ಸೆಗೆ ವೈದ್ಯಕೀಯ ಕಾರಣವಿಲ್ಲವೆಂದು, ನೋವು, ರಕ್ತಸ್ರಾವ, ಸೋಂಕು, ಕಲೆ, ಸ್ಪರ್ಶದ ಅರಿವು ಬದಲಾಗುವುದು ಇವೆಲ್ಲ ಅದರ ಅಪಾಯಗಳೆಂದು ಎಚ್ಚರಿಸಿತು. ಹದಿನೆಂಟು ತುಂಬದ ಹುಡುಗಿಯರಿಗೆ ಇದನ್ನು ಮಾಡಲೇಬಾರದೆಂದು, ರೋಗದ ಕಾರಣವಿದ್ದರೆ ಮಾತು ಬೇರೆಯೆಂದು ಬ್ರಿಟನ್ನಿನ ರಾಯಲ್ ಕಾಲೇಜು 2013ರಲ್ಲೇ ಹೇಳಿತ್ತು. ಆ ಜಾಗದಲ್ಲಿ ನರಗಳು ಎಷ್ಟು ಸೂಕ್ಷ್ಮವಾಗಿ ಹೆಣೆದಿರುತ್ತವೆಂದರೆ ಕತ್ತರಿಸಿದ್ದು ಬರೀ ಚರ್ಮವಾಗಿರುವುದಿಲ್ಲ.

ಸ್ವಾತಂತ್ರ್ಯ ಅನ್ನುವವರಿಗೆ ನನ್ನ ಮಾತಿಷ್ಟೇ. ನೂರು ಮೂಗು ನೋಡಿದವಳು ತನ್ನ ಮೂಗು ಬದಲಾಯಿಸಿಕೊಳ್ಳುತ್ತೇನೆ ಅಂದರೆ ಅದು ಆಯ್ಕೆ. ಎರಡನೆಯ ಮೂಗನ್ನೇ ನೋಡದವಳು, ಒಂದು ಜಾಹೀರಾತಿನ ಮೂಗು ನೋಡಿ ಹೆದರಿ ಓಡಿದರೆ ಅದನ್ನು ಆಯ್ಕೆ ಅನ್ನಲಾರೆ. ಮೊದಲು ಅವಳಿಗೆ ಗೊತ್ತಾಗಲಿ. ಗೊತ್ತಾದ ಮೇಲೂ ಬೇಕೆಂದರೆ ಅವಳಿಷ್ಟ. ನಮ್ಮ ಹುಡುಗಿಗೆ ನಾನು ರೊಕ್ಕ ಕೊಡುತ್ತೇನೆಂದೆ, ಮೊದಲು ಒಬ್ಬ ಹೆಣ್ಣು ಡಾಕ್ಟರರಿಗೆ ತೋರಿಸಿಕೊಂಡು ಬಂದ ಮೇಲೆ ಎಂಬ ಕರಾರಿನ ಮೇಲೆ. ಡಾಕ್ಟರರು ನೋಡಿ ನಕ್ಕುಬಿಟ್ಟರಂತೆ; ಅವಹೇಳನದ ನಗುವಲ್ಲ. “ಇದಕ್ಕ ಯಾರು ದೋಷ ಅಂದ್ರವಾ ನಿನಗ? ನಾ ದಿನಾ ನೋಡೂದು ಇಂಥಾವನ್ನ” ಅಂದರಂತೆ. ಮದುವೆಯಾಗಿ ಆರಾಮ ಇದ್ದಾಳೆ. ಗಂಡ ಏನಾದರೂ ಅಂದನೋ ಇಲ್ಲವೋ ನಾನು ಕೇಳಲಿಲ್ಲ, ಅದು ಅವರಿಬ್ಬರ ಮಾತು. ಆದರೆ ಅದೇ ಫೋನು ನಮ್ಮ ಗಂಡುಹುಡುಗರ ಕೈಯಲ್ಲೂ ಇದೆ, ಅವರೂ ಅದೇ ಸುಳ್ಳು ಅಳತೆ ಕಲಿತು ಮದುವೆಯ ಮಂಟಪಕ್ಕೆ ಬರುತ್ತಾರೆ ಎಂಬುದನ್ನು ಗಂಡುಮಕ್ಕಳ ತಾಯಂದಿರು ಮರೆಯುತ್ತಾರೆ.

ಹೆಣ್ಣಿನ ಈ ಅಂಗವನ್ನು ನೋಡಿ ಅವಳ ನಡತೆ ಹೇಳುತ್ತೇವೆ ಎಂಬ ಹುಂಬತನ ಗಂಡಂದಿರಿಗೆ ಮಾತ್ರ ಇಲ್ಲ. ಒಳತುಟಿ ದೊಡ್ಡದಿದ್ದರೆ, ಬಣ್ಣ ಕಪ್ಪಿದ್ದರೆ ‘ಬಳಸಿದ್ದು’ ಎನ್ನುವ ಮೂಢಮಾತು ಹೆಂಗಸರ ಬಾಯಲ್ಲೂ ಇದೆ. ಅದಕ್ಕೆ ಎಳ್ಳಷ್ಟೂ ಆಧಾರವಿಲ್ಲ. ಕನ್ಯಾಪೊರೆಯೂ ಹಾಗೇ, ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಕೆಲವರಲ್ಲಿ ಹುಟ್ಟಿನಿಂದಲೇ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಸಣ್ಣದು. ಮೊದಲ ರಾತ್ರಿ ರಕ್ತ ಬರಲೇಬೇಕೆಂಬುದು ಶುದ್ಧ ಸುಳ್ಳು. ಅತ್ಯಾಚಾರಕ್ಕೊಳಗಾದವಳನ್ನು ಎರಡು ಬೆರಳಿನಿಂದ ಪರೀಕ್ಷಿಸಿ ಅವಳು ಮೊದಲೇ ಸಂಭೋಗಕ್ಕೆ ರ‍ೂಢಿಯಾದವಳೋ ಎಂದು ಬರೆಯುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲೇ ಇತ್ತು. ಅದು ಹೆಣ್ಣಿನ ಘನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಹೇಳಿದರೂ ನಿಲ್ಲದ್ದಕ್ಕೆ 2022ರ ಅಕ್ಟೋಬರ್ 31ರಂದು, ಇದನ್ನು ಮಾಡುವವರು ದುರ್ನಡತೆಯ ಅಪರಾಧಿಗಳಾಗುತ್ತಾರೆಂದು ಮತ್ತೆ ಹೇಳಬೇಕಾಯಿತು. ಮೈ ಸಾಕ್ಷಿ ಹೇಳುತ್ತದೆಂದು ನಂಬಿದವರಿಗೆ ಆ ಸಾಕ್ಷಿಯ ಭಾಷೆಯೇ ಬರುತ್ತಿರಲಿಲ್ಲ.

ಡಾಕ್ಟರರ ಹತ್ತಿರ ಹೋಗಬೇಕಾದ ಸಂಗತಿಗಳೂ ಇವೆ, ಅವನ್ನು ಹೇಳದೆ ಬಿಟ್ಟರೆ ಅರ್ಧ ಹೇಳಿದಂತಾಗುತ್ತದೆ. ನಿಲ್ಲದ ತುರಿಕೆ, ಉರಿ, ಕೆಟ್ಟ ವಾಸನೆಯ ಬಿಳಿಸೆರಗು, ಮಾಯದ ಹುಣ್ಣು, ಮೊದಲಿರದೆ ಹೊಸದಾಗಿ ಎದ್ದ ಗಂಟು, ಚರ್ಮ ಬೆಳ್ಳಗಾಗಿ ಬಿರುಕು ಬಿಡುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು. ಇವಕ್ಕೆ ನಾಚಿ ಕೂರಬಾರದು. ತಮಾಷೆಯೆಂದರೆ, ರೋಗವಲ್ಲದ್ದಕ್ಕೆ ಸಾಲ ಮಾಡಿ ಹೊರಡುವ ನಾವೇ ರೋಗವಾದದ್ದಕ್ಕೆ ವರ್ಷಗಟ್ಟಲೆ ಬಾಯಿಮುಚ್ಚಿ ಕೂತಿರುತ್ತೇವೆ. ಯಾವುದು ತನ್ನ ಸಹಜ ರೂಪವೆಂದು ಮೊದಲು ತಿಳಿದಿದ್ದರೆ ತಾನೇ ಅದರಲ್ಲಾದ ಬದಲಾವಣೆ ತಿಳಿಯುವುದು? ಕೈಗನ್ನಡಿ ಹಿಡಿದು ನೋಡಿಕೊಳ್ಳಿ ಎಂದು ವೈದ್ಯೆಯರು ಹೇಳುವುದು ಇದಕ್ಕೇ. ಪಾಪವೇನೂ ತಟ್ಟುವುದಿಲ್ಲ.

ಮಕ್ಕಳಿಗೆ ಇದನ್ನು ಯಾರು ಹೇಳಬೇಕು? ಶಾಲೆ ಹೇಳಲಿ ಅಂದರೆ, ಹರೆಯದ ಮಕ್ಕಳ ಶಿಕ್ಷಣವೆಂದು ಕೇಂದ್ರ ಸರಕಾರ ತಂದ ಪಾಠಗಳನ್ನು 2007ರಲ್ಲಿ ಕೆಲವು ರಾಜ್ಯಗಳು ಬೇಡವೆಂದು ನಿಲ್ಲಿಸಿದವು, ನಮ್ಮದೂ ಅವುಗಳಲ್ಲೊಂದು. ಪುಸ್ತಕ ಹೇಳಲಿ ಅಂದರೆ, ನಮ್ಮಲ್ಲಿ ಡಾ. ಅನುಪಮಾ ನಿರಂಜನ ಅವರು ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’ಗಳನ್ನು ಬರೆದು ಹಾದಿ ಹಾಕಿಕೊಟ್ಟಿದ್ದರು. ಆ ಪುಸ್ತಕಗಳನ್ನು ಮದುವೆಯಲ್ಲಿ ಉಡುಗೊರೆ ಕೊಡುವ ರೂಢಿ ಮಾತ್ರ ಫೋನು ಬಂದ ಮೇಲೆ ಸವೆದುಹೋಯಿತು. ಉಳಿದವರು ತಾಯಿ, ಅಜ್ಜಿ, ಚಿಗವ್ವ, ಅತ್ತಿ. ಕಿವಿಮಾತು ಎಂಬುದು ಎಷ್ಟು ಒಳ್ಳೆಯ ಮಾತು ನೋಡಿ. ಸಭೆಯಲ್ಲಿ ಕೂಗಬೇಕಾಗಿಲ್ಲ, ಸುಮ್ಮನೆಯೂ ಇರಬೇಕಾಗಿಲ್ಲ. ಸಣ್ಣ ಮಕ್ಕಳಿಗಂತೂ ಅಂಗದ ಹೆಸರು ಹೇಳಿಕೊಡುವುದಕ್ಕೆ ಇನ್ನೊಂದು ದೊಡ್ಡ ಕಾರಣವಿದೆ. ಮಕ್ಕಳನ್ನು ಕೆಡಿಸುವವರನ್ನು ಶಿಕ್ಷಿಸಲು 2012ರಲ್ಲಿ ಪೋಕ್ಸೋ ಕಾಯಿದೆ ಬಂತು. ಆದರೆ ಯಾರೋ ಮುಟ್ಟಿದರು ಎಂದು ಹೇಳಬೇಕಾದ ಮಗುವಿಗೆ ಎಲ್ಲಿ ಮುಟ್ಟಿದರೆಂದು ಹೇಳಲು ಮಾತೇ ಇಲ್ಲದಿದ್ದರೆ ಕಾಯಿದೆ ಏನು ಮಾಡೀತು?

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಮಾಳಿಗೆಯ ಮೇಲೆ ಸಂಡಿಗೆ ಇಡುವಾಗ ಈ ಮಾತು ಬಂತು. ಮೊಮ್ಮಗಳಿಗೆ ಏನೆಂದು ಹೇಳಿಕೊಡುವುದು ಎಂದು ಒಬ್ಬಾಕೆ ಕೇಳಿದಳು. ಯೋನಿ ಅಂದರೆ ಪೂಜಾರಿ ಮಂತ್ರ ಹೇಳಿದಂಗ ಆಗತೈತಿ ಅಂದಳು ಒಬ್ಬಾಕೆ. ಇಂಗ್ಲಿಷಿನದು ನಾಲಿಗೆಗೆ ಹೊರಳುವುದಿಲ್ಲ. ಕಲಿತವಳೊಬ್ಬಳು ಲಜ್ಜಾಗೌರಿಯ ಕತೆ ಹೇಳಿ ‘ತಾವರೆ’ ಅನ್ನೋಣ ಎಂದಾಗ, ನಾಳೆ ಶಾಲೆಯಲ್ಲಿ ರಾಷ್ಟ್ರೀಯ ಹೂ ಯಾವುದೆಂದು ಕೇಳಿದರೆ ಏನು ಗತಿ ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಲ್ಲಿ ಹಿಟ್ಟು ಕಲಸುತ್ತಿದ್ದ ಎಪ್ಪತ್ತು ದಾಟಿದ ಮುದುಕಿ ತಲೆಯೆತ್ತಲಿಲ್ಲ. “ತುಟಿ ಅಂತ ಹೇಳ್ರಿ, ಸಾಕ. ಮ್ಯಾಲಿನ ತುಟಿ, ಕೆಳಗಿನ ತುಟಿ. ಲಗೂ ಲಗೂ ಕೈ ಆಡಸ್ರಿ, ಬಿಸಲ ಏರಾಕತ್ತೈತಿ” ಅಂದಳು.